ಸವಳು-ಜವಳು ಜಮೀನುಗಳಲ್ಲಿ ಗೊಬ್ಬರ ಹಾಗೂ ನೀರಿನ ನಿರ್ವಹಣೆ: ಹಸಿರುಮನೆ ಅನಿಲಗಳನ್ನು ತಗ್ಗಿಸುವ ಕ್ರಮಗಳು

ರೈತ ಬಾಂಧವರ ಹಾಗೂ ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ತುಂಗಭದ್ರಾ, ಕೃಷ್ಣಾ ಮೇಲ್ದಂಡೆ, ಮಲಪ್ರಭಾ ಹಾಗೂ ಘಟಪ್ರಭಾ ಯೋಜನೆಗಳ ಅಚ್ಚುಕಟ್ಟು ಪ್ರದೇಶಗಳಲ್ಲಿ ಕಾಲುವೆ ನೀರು ಬಂದ ನಂತರ ಬೆಳೆ ಸಮೃದ್ಧಿ ಹೆಚ್ಚಿದೆ. ಅದರ ಜೊತೆಯಲ್ಲಿಯೇ ಎರೆ ಭೂಮಿಯ ತಗ್ಗು ಜಮೀನುಗಳಲ್ಲಿ ಸವಳು ಮತ್ತು ಜವಳು ಸಮಸ್ಯೆಯೂ ಬೆಳೆದಿದೆ. ತುಂಗಭದ್ರಾ ಜಲಾಶಯದಿಂದ 1953ರಿಂದ ನೀರಾವರಿ ಪಡೆಯುತ್ತಿರುವ ರಾಯಚೂರು, ಕೊಪ್ಪಳ ಹಾಗೂ ಬಳ್ಳಾರಿ ಭಾಗಗಳಲ್ಲಿ, ಮೂಲತಃ ಅರೆ ನೀರಾವರಿ ಬೆಳೆಗಳಿಗೆಂದು ಯೋಜಿಸಲಾಗಿದ್ದ ವಿಶಾಲ ಪ್ರದೇಶದಲ್ಲಿ ಭತ್ತವನ್ನು ಬೆಳೆಯುತ್ತಿರುವುದು ಇದಕ್ಕೆ ಒಂದು ಮುಖ್ಯ ಕಾರಣವಾಗಿದೆ. ಅಥಣಿ, ಚಿಕ್ಕೋಡಿ, ಜಮಖಂಡಿ ಭಾಗಗಳಲ್ಲಿ ಕಬ್ಬಿಗೆ ಮಿತಿಮೀರಿ ನೀರು ಹಾಯಿಸುವುದರಿಂದ ಇದೇ ಪರಿಣಾಮ ಉಂಟಾಗಿದೆ. ಭಾರತದಲ್ಲಿ ಒಟ್ಟು ಸುಮಾರು 67 ಲಕ್ಷ ಹೆಕ್ಟೇರ್ ಭೂಮಿ ಲವಣಬಾಧಿತವಾಗಿದೆ ಎಂದು ಅಂದಾಜಿಸಲಾಗಿದೆ.

ಇಂತಹ ಜಮೀನಿನಲ್ಲಿ ಬೆಳೆ ಹಳದಿಯಾಗಿ ಕುಂಠಿತಗೊಂಡಾಗ ಬಹುಪಾಲು ರೈತರು ಮೊದಲು ಮಾಡುವ ಕೆಲಸವೆಂದರೆ ಇನ್ನೊಂದು ಚೀಲ ಯೂರಿಯಾ ಎರಚುವುದು. ಆದರೆ ಸವಳಿನಲ್ಲಿ ಬೆಳೆ ಸೊರಗುವುದು ಅನೇಕ ವೇಳೆ ಗೊಬ್ಬರದ ಕೊರತೆಯಿಂದಲ್ಲ; ಲವಣದ ಒತ್ತಡದಿಂದ ಬೇರುಗಳು ನೀರನ್ನೂ ಪೋಷಕಾಂಶವನ್ನೂ ಹೀರಲಾರದಿರುವುದರಿಂದ. ಬೆಳೆ ಹೀರದ ಸಾರಜನಕವು ಅನಿಲವಾಗಿ ಗಾಳಿಗೆ ಸೇರುತ್ತದೆ ಅಥವಾ ಬಸಿದು ಹೋಗುತ್ತದೆ. ರೈತನ ಹಣವೂ ನಷ್ಟ, ವಾತಾವರಣಕ್ಕೂ ಹಾನಿ. ಆದುದರಿಂದ ಸವಳು ಜಮೀನಿನಲ್ಲಿ ಮೊದಲು ಬಸಿಗಾಲುವೆ, ನಂತರ ನೀರು, ಕೊನೆಗೆ ಗೊಬ್ಬರ ಎಂಬ ಕ್ರಮವನ್ನು ಅನುಸರಿಸಬೇಕು. ಈ ಕ್ರಮವನ್ನು ಹಾಗೂ ಇದಕ್ಕಾಗಿ ದೊರೆಯುವ ಸೇವೆಗಳನ್ನು ಪಡೆಯುವ ವಿಧಾನವನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಸೂಚನೆ: ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ಸಮುದ್ರದ ಉಬ್ಬರದ ನೀರಿನಿಂದ ಉಪ್ಪು ಸೇರುತ್ತದೆ, ಅಲ್ಲಿ ಕಗ್ಗ ಭತ್ತವನ್ನು ಬೆಳೆಯುವ ಪದ್ಧತಿಯೇ ಬೇರೆ. ಈ ಪುಟದ ಸಲಹೆಗಳು ಒಳನಾಡಿನ ನೀರಾವರಿ ಜಮೀನುಗಳಿಗೆ ಮಾತ್ರ ಅನ್ವಯಿಸುತ್ತವೆ.

2. ಸಮಸ್ಯೆಯ ವಿಧಗಳು

ಸವಳು, ಕ್ಷಾರ ಮತ್ತು ಜವಳು ಇವು ಮೂರೂ ಬೇರೆ ಬೇರೆ. ಒಂದರ ಪರಿಹಾರ ಮತ್ತೊಂದಕ್ಕೆ ಸಲ್ಲುವುದಿಲ್ಲ.

(ಅ) ಸವಳು (ಲವಣಯುಕ್ತ) ಮಣ್ಣು: ಮಣ್ಣಿನ ಸಂತೃಪ್ತ ಸಾರದ ವಿದ್ಯುತ್ ವಾಹಕತೆ (ಇ.ಸಿ.) ಪ್ರತಿ ಮೀಟರಿಗೆ 4 ಡೆಸಿ ಸೀಮೆನ್ಸ್‌ಗಿಂತ ಹೆಚ್ಚು ಇರುತ್ತದೆ. ಬೇಸಿಗೆಯಲ್ಲಿ ಮೇಲ್ಮೈ ಮೇಲೆ ಬಿಳಿಯ ಉಪ್ಪಿನ ಪದರ ಕಾಣುತ್ತದೆ. ಪರಿಹಾರ: ಒಳ್ಳೆಯ ನೀರಿನಿಂದ ಲವಣವನ್ನು ತೊಳೆದು ಬಸಿದು ಹೊರಹಾಕುವುದು.

(ಆ) ಕ್ಷಾರ ಮಣ್ಣು: ಮಣ್ಣಿನ ಕಣಗಳಿಗೆ ಅಂಟಿಕೊಂಡ ಸೋಡಿಯಂ ಪ್ರಮಾಣ ಶೇ. 15ಕ್ಕಿಂತ ಹೆಚ್ಚು ಹಾಗೂ ರಸಸಾರ (ಪಿ.ಎಚ್.) ಸಾಮಾನ್ಯವಾಗಿ 8.5ಕ್ಕಿಂತ ಹೆಚ್ಚು ಇರುತ್ತದೆ. ಮಣ್ಣು ಒದ್ದೆಯಾದಾಗ ಅಂಟಾಗಿ, ಒಣಗಿದಾಗ ಕಲ್ಲಿನಂತಾಗುತ್ತದೆ, ನೀರು ಇಂಗುವುದಿಲ್ಲ. ಪರಿಹಾರ: ಪ್ರಯೋಗಾಲಯ ಸೂಚಿಸಿದ ಪ್ರಮಾಣದಲ್ಲಿ ಜಿಪ್ಸಂ ಹಾಕಿ ನಂತರ ತೊಳೆಯುವುದು.

(ಇ) ಜವಳು: ಅಂತರ್ಜಲವು ಬೇರಿನ ವಲಯದವರೆಗೆ ಮೇಲೇರಿ ನಿಂತಿರುತ್ತದೆ. ಪರಿಹಾರ: ತೆರೆದ ಬಸಿಗಾಲುವೆ ಅಥವಾ ನೆಲದಡಿ ರಂಧ್ರಯುಕ್ತ ಕೊಳವೆಗಳ ಮೂಲಕ ನೀರನ್ನು ಬಸಿಯುವುದು.

ಮುಖ್ಯ ಎಚ್ಚರಿಕೆ: ಮಣ್ಣು ಆರೋಗ್ಯ ಚೀಟಿಯಲ್ಲಿ ನಮೂದಾಗುವ ಇ.ಸಿ. ಮೌಲ್ಯವನ್ನು ಸಾಮಾನ್ಯವಾಗಿ ಮಣ್ಣಿಗೆ ಹೆಚ್ಚು ನೀರು ಬೆರೆಸಿದ ದ್ರಾವಣದಲ್ಲಿ ಅಳೆಯಲಾಗುತ್ತದೆ. ಆದ್ದರಿಂದ ಅದು ಸಂತೃಪ್ತ ಸಾರದ ಮೌಲ್ಯಕ್ಕಿಂತ ಬಹಳ ಕಡಿಮೆ ಇರುತ್ತದೆ. ಚೀಟಿಯಲ್ಲಿ 1.5 ಎಂದು ಇದ್ದ ಮಾತ್ರಕ್ಕೆ ಜಮೀನು ಸುರಕ್ಷಿತವೆಂದು ಭಾವಿಸಬಾರದು. ಸವಳಿನ ಅನುಮಾನವಿದ್ದಲ್ಲಿ ಸಂತೃಪ್ತ ಸಾರದ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೋರಬೇಕು. ಈ ಪುಟದಲ್ಲಿ ಮಣ್ಣಿಗೆ ಸಂಬಂಧಿಸಿದ ಇ.ಸಿ. ಅಂಕಿಗಳೆಲ್ಲವೂ ಸಂತೃಪ್ತ ಸಾರಕ್ಕೆ ಸಂಬಂಧಿಸಿದವು.

3. ಜಮೀನಿನಿಂದ ಹೊರಬೀಳುವ ಅನಿಲಗಳು

ನೈಟ್ರಸ್ ಆಕ್ಸೈಡ್: ಸಾರಜನಕ ಗೊಬ್ಬರದಿಂದ ಉಂಟಾಗುತ್ತದೆ. 100 ವರ್ಷಗಳ ಅವಧಿಗೆ ಲೆಕ್ಕ ಹಾಕಿದಲ್ಲಿ ಇದರ 1 ಕಿ.ಗ್ರಾಂ, ಇಂಗಾಲದ ಡೈಆಕ್ಸೈಡಿನ 273 ಕಿ.ಗ್ರಾಂಗೆ ಸಮನಾದ ತಾಪವನ್ನು ಹಿಡಿದಿಡುತ್ತದೆ. ಮಣ್ಣಿನ ಸೂಕ್ಷ್ಮಾಣುಜೀವಿಗಳು ಅಮೋನಿಯಂ ಅನ್ನು ಮೊದಲು ನೈಟ್ರೈಟ್ ಆಗಿ, ನಂತರ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಲವಣ ಹೆಚ್ಚಾದಾಗ ಎರಡನೆಯ ಹಂತವು ಮೊದಲನೆಯದಕ್ಕಿಂತ ಹೆಚ್ಚು ಕುಂಠಿತವಾಗುವುದರಿಂದ ನೈಟ್ರೈಟ್ ಸಂಗ್ರಹವಾಗಿ ನೈಟ್ರಸ್ ಆಕ್ಸೈಡ್ ಉತ್ಪತ್ತಿ ಹೆಚ್ಚಬಹುದು. ಹಾಗೆಯೇ ನೀರು ನಿಂತ ಮಣ್ಣಿನಲ್ಲಿ ನೈಟ್ರೇಟ್ ಪೂರ್ಣವಾಗಿ ನಿರುಪದ್ರವಿ ಸಾರಜನಕ ಅನಿಲವಾಗುವ ಕೊನೆಯ ಹಂತಕ್ಕೂ ಲವಣವು ಅಡ್ಡಿಯಾಗುತ್ತದೆ. ಆದುದರಿಂದ ಸವಳು ಜಮೀನಿಗೆ ಹಾಕಿದ ಹೆಚ್ಚುವರಿ ಯೂರಿಯಾವು ಒಳ್ಳೆಯ ಜಮೀನಿಗೆ ಹಾಕಿದ್ದಕ್ಕಿಂತ ಹೆಚ್ಚು ಹಾನಿಕಾರಕವಾಗುವ ಸಂಭವವಿದೆ.

ಮೀಥೇನ್: ನಿರಂತರವಾಗಿ ನೀರು ನಿಂತ ಗದ್ದೆಯಲ್ಲಿ ಸಾವಯವ ವಸ್ತು ಗಾಳಿಯಿಲ್ಲದೆ ಕೊಳೆಯುವಾಗ ಉಂಟಾಗುತ್ತದೆ. ಇದರ 1 ಕಿ.ಗ್ರಾಂ ಸುಮಾರು 27 ಕಿ.ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ಸಲ್ಫೇಟ್ ಲವಣಗಳು ಇರುವ ಮಣ್ಣಿನಲ್ಲಿ ಮೀಥೇನ್ ಉತ್ಪಾದಿಸುವ ಸೂಕ್ಷ್ಮಾಣುಜೀವಿಗಳಿಗೆ ಹಿನ್ನಡೆಯಾಗುವುದರಿಂದ ಸವಳು ಗದ್ದೆಗಳಲ್ಲಿ ಮೀಥೇನ್ ಕಡಿಮೆ ಇರಬಹುದು.

ಅಮೋನಿಯಾ: ಇದು ಸ್ವತಃ ಹಸಿರುಮನೆ ಅನಿಲವಲ್ಲ. ಆದರೆ ಕ್ಷಾರ ಮಣ್ಣಿನಲ್ಲಿ ಮೇಲೆರಚಿದ ಯೂರಿಯಾದ ದೊಡ್ಡ ಪಾಲು ಹೀಗೆ ಹಾರಿಹೋಗಿ, ಬೇರೆಡೆ ಬಿದ್ದು, ಅಲ್ಲಿ ಮತ್ತೆ ನೈಟ್ರಸ್ ಆಕ್ಸೈಡಿಗೆ ಕಾರಣವಾಗುತ್ತದೆ.

4. ಒಂದು ಚೀಲ ಯೂರಿಯಾದ ಲೆಕ್ಕ

ಪ್ರಸ್ತುತ 45 ಕಿ.ಗ್ರಾಂ ಯೂರಿಯಾ ಚೀಲದಲ್ಲಿ ಶೇ. 46ರಂತೆ 20.7 ಕಿ.ಗ್ರಾಂ ಸಾರಜನಕವಿರುತ್ತದೆ. ಅಂತರಸರ್ಕಾರಿ ಹವಾಮಾನ ಬದಲಾವಣೆ ಸಮಿತಿಯ (ಐ.ಪಿ.ಸಿ.ಸಿ.) ಸಾಮಾನ್ಯ ಲೆಕ್ಕಾಚಾರದಂತೆ ಒಣ ಬೆಳೆಗೆ ಹಾಕಿದ ಸಾರಜನಕದಲ್ಲಿ ಶೇ. 1ರಷ್ಟು ನೈಟ್ರಸ್ ಆಕ್ಸೈಡಾದರೆ, ಒಂದು ಚೀಲದಿಂದ ಸುಮಾರು 0.33 ಕಿ.ಗ್ರಾಂ ನೈಟ್ರಸ್ ಆಕ್ಸೈಡ್, ಅಂದರೆ ಸುಮಾರು 89 ಕಿ.ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಹೊರಬೀಳುತ್ತದೆ. ಯೂರಿಯಾ ಮಣ್ಣಿನಲ್ಲಿ ಕರಗುವಾಗ ನೇರವಾಗಿ ಬಿಡುಗಡೆಯಾಗುವ ಸುಮಾರು 33 ಕಿ.ಗ್ರಾಂ ಇಂಗಾಲದ ಡೈಆಕ್ಸೈಡ್ ಸೇರಿ ಒಟ್ಟು 120 ಕಿ.ಗ್ರಾಂ ದಾಟುತ್ತದೆ. ಕಾರ್ಖಾನೆಯಲ್ಲಿ ಯೂರಿಯಾ ತಯಾರಿಸುವಾಗ ಆಗುವ ಹೊರಸೂಸುವಿಕೆ ಇದರಲ್ಲಿ ಸೇರಿಲ್ಲ. ಇದು ಸರಾಸರಿ ಅಂದಾಜು ಮಾತ್ರ. ಮಣ್ಣು, ತೇವ ಹಾಗೂ ಲವಣಕ್ಕೆ ಅನುಗುಣವಾಗಿ ಪ್ರಮಾಣ ಬದಲಾಗುತ್ತದೆ.

ಬೆಳೆಗೆ ಉಪಯೋಗವಾದ ಚೀಲದಿಂದ ಧಾನ್ಯವಾದರೂ ದೊರೆಯುತ್ತದೆ. ಉಪಯೋಗವಾಗದ ಚೀಲದಿಂದ ದೊರೆಯುವುದು ಈ ಅನಿಲ ಮಾತ್ರ.

5. ಮೊದಲನೆಯ ಹಂತ: ಬಸಿಗಾಲುವೆ ಮತ್ತು ಲವಣ ತೊಳೆಯುವಿಕೆ

5.1 ಬಸಿಗಾಲುವೆ ಇಲ್ಲದೆ ಲವಣ ತೊಳೆಯುವ ಪ್ರಯತ್ನ ಮಾಡಬಾರದು. ಹೊರಹೋಗಲು ದಾರಿಯಿಲ್ಲದ ನೀರು ಅಂತರ್ಜಲವನ್ನು ಮೇಲೆತ್ತಿ ಸವಳನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹೂಳು ಹಾಗೂ ಆಪು, ಜೊಂಡು ಬೆಳೆದು ಮುಚ್ಚಿಹೋದ ಬಸಿಗಾಲುವೆಗಳನ್ನು ಪ್ರತಿ ಬೇಸಿಗೆಯಲ್ಲಿ ಶುಚಿಗೊಳಿಸಬೇಕು. ಒಬ್ಬ ರೈತನ ಬಸಿಗಾಲುವೆಯು ಕೆಳಗಿನ ಜಮೀನಿನಲ್ಲಿ ಮುಚ್ಚಿದ್ದರೆ ಪ್ರಯೋಜನವಿಲ್ಲ. ಆದುದರಿಂದ ಈ ಕೆಲಸವನ್ನು ನೀರು ಬಳಕೆದಾರರ ಸಹಕಾರ ಸಂಘದ ಮೂಲಕ ಸಾಮೂಹಿಕವಾಗಿ ಕೈಗೊಳ್ಳುವುದು ಸೂಕ್ತ.

5.2 ನೆಲ ಸಮತಟ್ಟು ಮಾಡುವುದು. ಏರುತಗ್ಗು ಇರುವ ಮಡಿಯಲ್ಲಿ ಎತ್ತರದ ಭಾಗದಲ್ಲಿ ಉಪ್ಪು ಉಳಿಯುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಲೇಸರ್ ಲೆವೆಲರ್‌ನಿಂದ ಸಮ ಮಾಡಿದಲ್ಲಿ ನೀರೂ ಗೊಬ್ಬರವೂ ಸಮನಾಗಿ ಹಂಚಿಕೆಯಾಗುತ್ತವೆ.

5.3 ತೊಳೆಯಲು ಎಷ್ಟು ನೀರು ಬೇಕು? ಹೆಚ್ಚು ನೀರು ಹರಿಸಿದಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು. ಉದಾಹರಣೆಗೆ, ನೀರಿನ ಇ.ಸಿ. 2 ಇದ್ದಾಗ ಸಾಮಾನ್ಯ ಸೂತ್ರದಂತೆ ಹತ್ತಿ ಬೆಳೆಗೆ ಹರಿಸುವ ಒಟ್ಟು ನೀರಿನಲ್ಲಿ ಶೇ. 5ರಿಂದ 6ರಷ್ಟು, ಭತ್ತಕ್ಕೆ ಸುಮಾರು ಶೇ. 15ರಷ್ಟು ಬೇರಿನ ವಲಯ ದಾಟಿ ಬಸಿದರೆ ಸಾಕಾಗುತ್ತದೆ. ಅದಕ್ಕಿಂತ ಹೆಚ್ಚಿನ ನೀರು ಕೆಳಗಿನವರ ಜಮೀನನ್ನು ಜವಳು ಮಾಡುತ್ತದೆ ಹಾಗೂ ನೈಟ್ರೇಟನ್ನು ತೊಳೆದು ಒಯ್ಯುತ್ತದೆ.

5.4 ಜಿಪ್ಸಂ ಕ್ಷಾರ ಮಣ್ಣಿಗೆ ಮಾತ್ರ. ಅದರಲ್ಲಿನ ಸುಣ್ಣದ ಅಂಶವು ಸೋಡಿಯಂ ಅನ್ನು ಸ್ಥಳಾಂತರಿಸುತ್ತದೆ. ಬಿಡುಗಡೆಯಾದ ಸೋಡಿಯಂ ನೀರಿನೊಡನೆ ಬಸಿದು ಹೋಗಬೇಕು. ಪುಡಿ ಮಾಡಿದ ಜಿಪ್ಸಂ ಅನ್ನು ಮೇಲಿನ 10-15 ಸೆಂ.ಮೀ. ಮಣ್ಣಿನಲ್ಲಿ ಬೆರೆಸಬೇಕು, ಆಳಕ್ಕೆ ಉಳುಮೆ ಮಾಡಿ ಬೆರೆಸಬಾರದು. ಜಿಪ್ಸಂನಲ್ಲಿರುವ ಸಲ್ಫೇಟ್ ಭತ್ತದ ಗದ್ದೆಯಲ್ಲಿ ಮೀಥೇನ್ ಉತ್ಪತ್ತಿಯನ್ನೂ ತಗ್ಗಿಸುತ್ತದೆ. ಆದರೆ ಬರಿಯ ಸವಳು ಮಣ್ಣಿಗೆ ಜಿಪ್ಸಂ ಹಾಕುವುದು ಅನವಶ್ಯಕ ಖರ್ಚು.

6. ಎರಡನೆಯ ಹಂತ: ಬೆಳೆಯ ಆಯ್ಕೆ ಮತ್ತು ನೀರಿನ ನಿರ್ವಹಣೆ

6.1 ಬೆಳೆಗಳ ಲವಣ ಸಹಿಷ್ಣುತೆ

ಯಾವ ಇ.ಸಿ. ಮಟ್ಟದವರೆಗೆ ಇಳುವರಿ ಕುಗ್ಗುವುದಿಲ್ಲವೆಂಬುದನ್ನು ಕೆಳಗೆ ನೀಡಲಾಗಿದೆ:

ಹತ್ತಿ: 7.7
ಜೋಳ: 6.8
ಗೋಧಿ: 6.0
ಭತ್ತ: 3.0
ಮೆಕ್ಕೆಜೋಳ: 1.7
ಕಬ್ಬು: 1.7

ಭತ್ತದಲ್ಲಿ ಈ ಮಿತಿಯ ನಂತರ ಪ್ರತಿ 1 ಮಾನಕ್ಕೆ ಸುಮಾರು ಶೇ. 12ರಷ್ಟು ಇಳುವರಿ ಕುಸಿಯುತ್ತದೆ. ಅಂದರೆ ಇ.ಸಿ. 6 ಇರುವ ಗದ್ದೆಯಲ್ಲಿ ಸಾಮಾನ್ಯ ಭತ್ತದ ತಳಿಯು ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳುವರಿ ಕಳೆದುಕೊಳ್ಳುತ್ತದೆ. ಈ ನಷ್ಟವನ್ನು ಯೂರಿಯಾದಿಂದ ತುಂಬಲು ಸಾಧ್ಯವಿಲ್ಲ. ಅಚ್ಚುಕಟ್ಟು ಪ್ರದೇಶಕ್ಕೆ ನಿಗದಿಪಡಿಸಿದ ಬೆಳೆ ಪದ್ಧತಿಯಂತೆ ಹತ್ತಿ, ಜೋಳ ಮುಂತಾದ ಅರೆ ನೀರಾವರಿ ಬೆಳೆಗಳನ್ನು ಬೆಳೆದಲ್ಲಿ ಗದ್ದೆಯ ಮೀಥೇನ್ ಸಂಪೂರ್ಣ ತಪ್ಪುತ್ತದೆ, ನೀರು ಉಳಿಯುತ್ತದೆ. ಹೂಳಿನಿಂದಾಗಿ ತುಂಗಭದ್ರಾ ಜಲಾಶಯದ ಸಾಮರ್ಥ್ಯವು ಆರಂಭದ ಸುಮಾರು 133 ಟಿ.ಎಂ.ಸಿ.ಯಿಂದ ಸುಮಾರು 105 ಟಿ.ಎಂ.ಸಿ.ಗೆ ಇಳಿದಿರುವುದನ್ನು ಗಮನದಲ್ಲಿಟ್ಟುಕೊಳ್ಳಬೇಕು. ಮೇಲ್ಭಾಗದಲ್ಲಿ ಉಳಿಸಿದ ನೀರು ಕಾಲುವೆಯ ಕೊನೆಯ ಭಾಗದ ರೈತರಿಗೆ ತಲುಪುತ್ತದೆ.

ಭತ್ತವನ್ನೇ ಬೆಳೆಯುವುದಾದಲ್ಲಿ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ಶಿಫಾರಸು ಮಾಡುವ ಲವಣ ಸಹಿಷ್ಣು ತಳಿಗಳನ್ನು ಆರಿಸಿಕೊಳ್ಳಬೇಕು. ನಾಟಿಗೆ ಎಳೆಯ ಸಸಿಗಳ ಬದಲು 30-35 ದಿನಗಳ ಬಲಿತ ಸಸಿಗಳನ್ನು, ಗುಣಿಗೆ 3-4ರಂತೆ ಬಳಸಬೇಕು.

6.2 ಭತ್ತದಲ್ಲಿ ನೀರನ್ನು ಬಿಟ್ಟು ಬಿಟ್ಟು ನಿಲ್ಲಿಸುವ ವಿಧಾನ

ಸುಮಾರು 30 ಸೆಂ.ಮೀ. ಉದ್ದದ ಕೊಳವೆಯ ಕೆಳಗಿನ ಅರ್ಧ ಭಾಗಕ್ಕೆ ರಂಧ್ರ ಮಾಡಿ, ಆ ಭಾಗವನ್ನು ಗದ್ದೆಯಲ್ಲಿ ಹುಗಿದು ಒಳಗಿನ ಮಣ್ಣನ್ನು ತೆಗೆಯಬೇಕು. ಕೊಳವೆಯೊಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗೆ ಇಳಿದಾಗ ಮತ್ತೆ ಸುಮಾರು 5 ಸೆಂ.ಮೀ. ನೀರು ನಿಲ್ಲಿಸಬೇಕು. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು ಪ್ರಚುರಪಡಿಸಿರುವ ಈ ವಿಧಾನದಿಂದ ನೀರಿನ ಗಣನೀಯ ಉಳಿತಾಯವಾಗುತ್ತದೆ.

ಅನಿಲದ ಲೆಕ್ಕ ಹೀಗಿದೆ: ಐ.ಪಿ.ಸಿ.ಸಿ.ಯ 2019ರ ಪರಿಷ್ಕೃತ ಮಾರ್ಗಸೂಚಿಯಂತೆ ದಕ್ಷಿಣ ಏಷ್ಯಾದಲ್ಲಿ ಸದಾ ನೀರು ನಿಂತ ಗದ್ದೆಯಿಂದ ಹೆಕ್ಟೇರಿಗೆ ದಿನಕ್ಕೆ ಸರಾಸರಿ 0.85 ಕಿ.ಗ್ರಾಂ ಮೀಥೇನ್ ಹೊರಬೀಳುತ್ತದೆ. 120 ದಿನಗಳಿಗೆ ಇದು ಸುಮಾರು 102 ಕಿ.ಗ್ರಾಂ. ಹಲವು ಬಾರಿ ನೀರು ಇಳಿಸಿದಲ್ಲಿ ಸುಮಾರು 56 ಕಿ.ಗ್ರಾಂಗೆ ತಗ್ಗುತ್ತದೆ. ಉಳಿತಾಯವು ಸುಮಾರು 1,240 ಕಿ.ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ನೀರು ಇಳಿಸುವುದರಿಂದ ನೈಟ್ರಸ್ ಆಕ್ಸೈಡ್ ಸ್ವಲ್ಪ ಹೆಚ್ಚುತ್ತದೆ. ಹೆಕ್ಟೇರಿಗೆ 150 ಕಿ.ಗ್ರಾಂ ಸಾರಜನಕ ಹಾಕಿದಲ್ಲಿ ಈ ಹೆಚ್ಚಳ ಸುಮಾರು 130 ಕಿ.ಗ್ರಾಂಗೆ ಸಮ. ಅದನ್ನು ಕಳೆದರೂ ಒಳ್ಳೆಯ ಮಣ್ಣಿನಲ್ಲಿ ನಿವ್ವಳ ಲಾಭವಿದೆ.

ಆದರೆ ಸವಳು ಗದ್ದೆಯಲ್ಲಿ ಈ ವಿಧಾನವನ್ನು ಹಾಗೆಯೇ ಅನುಸರಿಸಬಾರದು. ಅಲ್ಲಿ ಮೀಥೇನ್ ಮೊದಲೇ ಕಡಿಮೆ ಇರುವುದರಿಂದ ಉಳಿತಾಯ ಕಡಿಮೆ. ಮಣ್ಣು ಒಣಗಿದಾಗ ಕೆಳಗಿನ ಉಪ್ಪು ಮೇಲೇರಿ ಬೆಳೆಯನ್ನು ಸುಡುವ ಅಪಾಯ ಹೆಚ್ಚು. ಆದುದರಿಂದ ಈ ಕೆಳಗಿನಂತೆ ನಡೆದುಕೊಳ್ಳುವುದು ಕ್ಷೇಮ:

- ಇ.ಸಿ. 4ಕ್ಕಿಂತ ಕಡಿಮೆ, ಕಾಲುವೆ ನೀರು ಮತ್ತು ಬಸಿಗಾಲುವೆ ಎರಡೂ ಇದ್ದಲ್ಲಿ: ವಿಧಾನವನ್ನು ಅನುಸರಿಸಬಹುದು. ನಾಟಿಯಾದ ಮೊದಲ 2-3 ವಾರ ಹಾಗೂ ಹೂ ಬಿಡುವ ಸಮಯದಲ್ಲಿ ನೀರು ಇಳಿಸಬಾರದು.
- ಇ.ಸಿ. 4ರಿಂದ 8: ಗದ್ದೆ ಬಿರುಕು ಬಿಡುವಂತೆ ಒಣಗಿಸಬಾರದು. ತೆಂಡೆ ಒಡೆಯುವ ಹಂತ ಮುಗಿಯುವಾಗ ಒಮ್ಮೆ ನಿಂತ ನೀರನ್ನು ಬಸಿಗಾಲುವೆಗೆ ಬಿಟ್ಟು ಹೊಸ ಕಾಲುವೆ ನೀರು ನಿಲ್ಲಿಸುವುದರಿಂದ ಲವಣವೂ ಹೊರಹೋಗುತ್ತದೆ. ಗೊಬ್ಬರ ಹಾಕಿದ ಕೂಡಲೇ ಹೀಗೆ ಮಾಡಬಾರದು.
- ಇ.ಸಿ. 8ಕ್ಕಿಂತ ಹೆಚ್ಚು: ಮೊದಲು ಬಸಿಗಾಲುವೆ ಹಾಗೂ ತೊಳೆಯುವಿಕೆ. ಅಲ್ಲಿಯವರೆಗೆ ನೀರು ಇಳಿಸುವ ವಿಧಾನವಾಗಲಿ ಹೆಚ್ಚುವರಿ ಗೊಬ್ಬರವಾಗಲಿ ಸಲ್ಲದು.

6.3 ಕೊಳವೆ ಬಾವಿಯ ನೀರು

ನೀರಿನ ಪರೀಕ್ಷೆ ಮಾಡಿಸದೆ ಸವಳು ಜಮೀನಿಗೆ ಕೊಳವೆ ಬಾವಿಯ ನೀರನ್ನು ಬಳಸಬಾರದು. ನೀರಿನಲ್ಲಿ ಉಳಿಕೆ ಸೋಡಿಯಂ ಕಾರ್ಬೊನೇಟ್ ಲೀಟರಿಗೆ 2.5 ಮಿಲಿ ತುಲ್ಯಾಂಶಕ್ಕಿಂತ ಹೆಚ್ಚಿದ್ದಲ್ಲಿ ಅದು ನೀರಾವರಿಗೆ ಯೋಗ್ಯವಲ್ಲ. ಎರಡೂ ಮೂಲಗಳಿದ್ದಲ್ಲಿ, ಮೊಳಕೆ ಹಾಗೂ ಎಳೆಯ ಹಂತದಲ್ಲಿ ಕಾಲುವೆ ನೀರನ್ನು, ಬೆಳೆ ಬಲಿತ ನಂತರ ಕೊಳವೆ ಬಾವಿಯ ನೀರನ್ನು ಬಳಸುವುದು ಉತ್ತಮ.

6.4 ಹನಿ ನೀರಾವರಿ

ಹತ್ತಿ, ಮೆಣಸಿನಕಾಯಿ, ಕಬ್ಬು ಬೆಳೆಗಳಲ್ಲಿ ಹನಿ ನೀರಾವರಿಯ ಮೂಲಕ ನೀರಿನೊಡನೆ ಗೊಬ್ಬರವನ್ನು ಸ್ವಲ್ಪ ಸ್ವಲ್ಪವಾಗಿ ಕೊಡುವುದರಿಂದ ಸಾರಜನಕದ ನಷ್ಟ ತಗ್ಗುತ್ತದೆ. ತೇವದ ಅಂಚಿನಲ್ಲಿ ಉಪ್ಪು ಸಂಗ್ರಹವಾಗುವುದನ್ನು ಮರೆಯಬಾರದು. ತುಂತುರು ಮಳೆ ಆರಂಭವಾದ ಕೂಡಲೇ ಹನಿಯನ್ನು ನಿಲ್ಲಿಸಿದಲ್ಲಿ ಅಂಚಿನ ಉಪ್ಪು ಬೇರಿಗೆ ಇಳಿಯುತ್ತದೆ. ಆ ಸಮಯದಲ್ಲಿ ಕೆಲಕಾಲ ಹನಿಯನ್ನು ಚಾಲನೆಯಲ್ಲಿಡಬೇಕು.

7. ಮೂರನೆಯ ಹಂತ: ಗೊಬ್ಬರ ನಿರ್ವಹಣೆ

7.1 ಪ್ರಮಾಣ. ಮಣ್ಣು ಪರೀಕ್ಷೆಯ ಶಿಫಾರಸನ್ನು ಮೀರಬಾರದು. ಶಿಫಾರಸು ಹೆಕ್ಟೇರಿಗೆ 150 ಕಿ.ಗ್ರಾಂ ಸಾರಜನಕ ಎಂದಿದ್ದಲ್ಲಿ ಅದು ಎಕರೆಗೆ ಸುಮಾರು 60 ಕಿ.ಗ್ರಾಂ, ಅಂದರೆ ಸುಮಾರು 3 ಚೀಲ ಯೂರಿಯಾಕ್ಕೆ ಸಮ. ತಳಗೊಬ್ಬರವಾಗಿ ಹಾಕುವ 50 ಕಿ.ಗ್ರಾಂ ಡಿ.ಎ.ಪಿ. ಚೀಲದಲ್ಲಿಯೂ 9 ಕಿ.ಗ್ರಾಂ ಸಾರಜನಕವಿರುತ್ತದೆ, ಅದನ್ನು ಲೆಕ್ಕದಲ್ಲಿ ಕಳೆಯಬೇಕು.

7.2 ಹೆಚ್ಚುವರಿ ಸಾರಜನಕ. ಕ್ಷಾರ ಮಣ್ಣಿನಲ್ಲಿ ಅಮೋನಿಯಾ ನಷ್ಟವನ್ನು ಸರಿದೂಗಿಸಲು ಶೇ. 25ರಷ್ಟು ಹೆಚ್ಚುವರಿ ಸಾರಜನಕ ಸೂಚಿಸುವುದುಂಟು. ಇದು ಪರೀಕ್ಷೆಯ ನಂತರ, ಜಿಪ್ಸಂ ಹಾಕಿ ಸುಧಾರಣೆ ಕೈಗೊಂಡ ಕ್ಷಾರ ಜಮೀನಿಗೆ ತಜ್ಞರು ನೀಡುವ ಸಲಹೆ. ಎಲ್ಲಾ ಸವಳು ಜಮೀನಿಗೂ ಸ್ವಂತ ತೀರ್ಮಾನದಿಂದ ಇದನ್ನು ಅನ್ವಯಿಸಬಾರದು.

7.3 ಕಂತುಗಳು. ಸಾರಜನಕವನ್ನು ಒಮ್ಮೆಲೇ ಕೊಡದೆ 3-4 ಕಂತುಗಳಲ್ಲಿ, ತೆಂಡೆ ಒಡೆಯುವ ಹಾಗೂ ತೆನೆ ಮೂಡುವ ಹಂತಗಳಿಗೆ ಹೊಂದುವಂತೆ ಕೊಡಬೇಕು. ಮೇಲುಗೊಬ್ಬರದ ಅಗತ್ಯವನ್ನು ನಿರ್ಧರಿಸಲು ಎಲೆ ಬಣ್ಣದ ಪಟ್ಟಿಯನ್ನು ಬಳಸಬಹುದು.

7.4 ಹಾಕುವ ವಿಧಾನ. ನಿಂತ ನೀರಿನ ಮೇಲೆ ಯೂರಿಯಾ ಎರಚಬಾರದು. ನೀರು ಇಳಿದು ಮಣ್ಣು ತೇವವಾಗಿರುವಾಗ ಹಾಕಿ, ಕೂಡಲೇ ತೆಳುವಾಗಿ ನೀರು ಹಾಯಿಸಿದಲ್ಲಿ ಯೂರಿಯಾ ಮಣ್ಣಿನೊಳಗೆ ಇಳಿಯುತ್ತದೆ. ಒಣ ಬೆಳೆಗಳಲ್ಲಿ ಸಾಲಿನ ಬದಿಗೆ ಹಾಕಿ ಮಣ್ಣು ಮುಚ್ಚಬೇಕು. ಮಧ್ಯಾಹ್ನದ ಬಿಸಿಲು ಹಾಗೂ ಭಾರಿ ಮಳೆಯ ಮುನ್ಸೂಚನೆ ಇರುವಾಗ ಹಾಕಬಾರದು.

7.5 ಗೊಬ್ಬರದ ಆಯ್ಕೆ. ರೈತರಿಗೆ ಮಾರಾಟವಾಗುವ ಸಾಮಾನ್ಯ ಯೂರಿಯಾಕ್ಕೆ 2015ರಿಂದ ಬೇವಿನ ಲೇಪನ ಕಡ್ಡಾಯವಾಗಿದೆ. ಇದು ನೈಟ್ರೇಟ್ ಪರಿವರ್ತನೆಯನ್ನು ನಿಧಾನಗೊಳಿಸುತ್ತದೆ. ಪೊಟ್ಯಾಷ್ ಅಗತ್ಯವಿದ್ದಲ್ಲಿ ಕ್ಲೋರೈಡ್ ಹೊಂದಿರುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಬದಲಿಗೆ ಸಲ್ಫೇಟ್ ಆಫ್ ಪೊಟ್ಯಾಷ್ ಸೂಕ್ತ. ಎಲೆ ಹಳದಿಯಾಗಲು ಸತುವಿನ ಕೊರತೆಯೂ ಕಾರಣವಿರಬಹುದು. ಪರೀಕ್ಷೆಯಲ್ಲಿ ಕಂಡುಬಂದಲ್ಲಿ ಜಿಂಕ್ ಸಲ್ಫೇಟ್ ಹಾಕಬೇಕು.

7.6 ಸಾವಯವ ಗೊಬ್ಬರ. ಲವಣಬಾಧಿತ ಮಣ್ಣಿಗೆ ಸಾವಯವ ಅಂಶ ಅತ್ಯಗತ್ಯ. ಆದರೆ ಹಸಿ ಹುಲ್ಲು, ಹಸಿ ಸಗಣಿಯನ್ನು ನೀರು ನಿಂತ ಗದ್ದೆಗೆ ಹಾಕಿದಲ್ಲಿ ಮೀಥೇನ್ ಬಹಳ ಹೆಚ್ಚುತ್ತದೆ. ಚೆನ್ನಾಗಿ ಕಳಿತ ಕಾಂಪೋಸ್ಟ್ ಬಳಸಬೇಕು. ಭತ್ತದ ಹುಲ್ಲನ್ನು ಸುಡದೆ, ನಾಟಿಗೆ ಕನಿಷ್ಠ ಒಂದು ತಿಂಗಳ ಮೊದಲು ಒಣ ಭೂಮಿಯಲ್ಲಿಯೇ ಮಣ್ಣಿಗೆ ಸೇರಿಸಬೇಕು. ಡಯಾಂಚದಂತಹ ಹಸಿರೆಲೆ ಗೊಬ್ಬರವನ್ನು ಸೇರಿಸಿದಾಗ ಅದರಿಂದ ದೊರೆಯುವ ಸಾರಜನಕಕ್ಕೆ ತಕ್ಕಂತೆ ಯೂರಿಯಾವನ್ನು ಕಡಿಮೆ ಮಾಡಬೇಕು.

8. ಸೇವೆಗಳನ್ನು ಪಡೆಯುವ ವಿಧಾನ

8.1 ಮಣ್ಣು ಪರೀಕ್ಷೆ: ಮಾದರಿಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ನೀಡಬೇಕು. ಬೆಳೆ ಕಟಾವಿನ ನಂತರ, ಗೊಬ್ಬರ ಹಾಕುವ ಮೊದಲು, ಜಮೀನಿನ 8-10 ಕಡೆ ಆಂಗ್ಲ ‘ವಿ’ ಆಕಾರದ ಗುಣಿ ತೆಗೆದು 15 ಸೆಂ.ಮೀ. ಆಳದವರೆಗಿನ ಮಣ್ಣನ್ನು ಸಂಗ್ರಹಿಸಿ, ಬೆರೆಸಿ, ಅರ್ಧ ಕಿ.ಗ್ರಾಂ ಉಳಿಸಿಕೊಳ್ಳಬೇಕು. ಸವಳಿನ ಪರೀಕ್ಷೆಗೆ 15-30 ಹಾಗೂ 30-60 ಸೆಂ.ಮೀ. ಆಳದ ಮಾದರಿಗಳನ್ನೂ ಬೇರೆ ಬೇರೆ ಚೀಲಗಳಲ್ಲಿ ನೀಡಬೇಕು. ಬಿಳಿ ಪದರವಿರುವ ಭಾಗದ ಮಾದರಿಯನ್ನು ಉಳಿದ ಭಾಗದೊಂದಿಗೆ ಬೆರೆಸಬಾರದು. ಬದು, ತಿಪ್ಪೆ ಹಾಗೂ ಮರದ ಬುಡದಿಂದ ಮಣ್ಣು ತೆಗೆಯಬಾರದು. ಗೊಬ್ಬರದ ಖಾಲಿ ಚೀಲವನ್ನು ಬಳಸಬಾರದು.

8.2 ನೀರಿನ ಪರೀಕ್ಷೆ: ಪಂಪನ್ನು ಕನಿಷ್ಠ 15 ನಿಮಿಷ ಚಾಲನೆಯಲ್ಲಿಟ್ಟ ನಂತರ, ಅದೇ ನೀರಿನಿಂದ ತೊಳೆದ ಶುದ್ಧ ಬಾಟಲಿಯಲ್ಲಿ ಒಂದು ಲೀಟರ್ ನೀರು ಸಂಗ್ರಹಿಸಬೇಕು.

8.3 ಜಿಪ್ಸಂ, ಸತು ಮುಂತಾದ ಮಣ್ಣು ಸುಧಾರಕಗಳು: ಆಯಾ ವರ್ಷದ ಮಾರ್ಗಸೂಚಿ ಹಾಗೂ ದಾಸ್ತಾನಿಗೆ ಒಳಪಟ್ಟು ರಿಯಾಯಿತಿ ದರದ ವಿತರಣೆಯ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು. ಮಣ್ಣು ಪರೀಕ್ಷಾ ವರದಿಯನ್ನು ಜೊತೆಯಲ್ಲಿ ತರಬೇಕು.

8.4 ಹನಿ ನೀರಾವರಿ: ಕೃಷಿ ಬೆಳೆಗಳಿಗೆ ಕೃಷಿ ಇಲಾಖೆಯಲ್ಲಿ, ತೋಟಗಾರಿಕೆ ಬೆಳೆಗಳಿಗೆ ತೋಟಗಾರಿಕೆ ಇಲಾಖೆಯಲ್ಲಿ ಅರ್ಜಿ ಸಲ್ಲಿಸಬೇಕು. ಮಂಜೂರಾತಿಗೆ ಮೊದಲೇ ಘಟಕ ಅಳವಡಿಸಬಾರದು.

8.5 ಬಸಿಗಾಲುವೆ ಕಾಮಗಾರಿ: ಸಂಬಂಧಪಟ್ಟ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರಕ್ಕೆ (ಕಾಡಾ) ನೀರು ಬಳಕೆದಾರರ ಸಹಕಾರ ಸಂಘದ ಮೂಲಕ ಮನವಿ ಸಲ್ಲಿಸುವುದು ಸೂಕ್ತ. ತುಂಗಭದ್ರಾ ಯೋಜನೆಯ ಪ್ರಾಧಿಕಾರವು ಮುನಿರಾಬಾದಿನಲ್ಲಿದೆ.

8.6 ಸಾಮಾನ್ಯವಾಗಿ ಬೇಕಾಗುವ ದಾಖಲೆಗಳು: ಫ್ರೂಟ್ಸ್ ನೋಂದಣಿ ಸಂಖ್ಯೆ, ಪಹಣಿ, ಆಧಾರ್ ಪ್ರತಿ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ ಹಾಗೂ ಅನ್ವಯಿಸಿದಲ್ಲಿ ಜಾತಿ ಪ್ರಮಾಣ ಪತ್ರ. ಜಂಟಿ ಖಾತೆಯ ಜಮೀನಾದಲ್ಲಿ ಇತರ ಖಾತೆದಾರರ ಒಪ್ಪಿಗೆ ಬೇಕಾಗಬಹುದು.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪಕ್ಕದ ಜಮೀನಿನವರು ಭತ್ತಕ್ಕೆ ನೀರು ಕಟ್ಟುತ್ತಾರೆ. ನಾನೊಬ್ಬನೇ ಜೋಳ ಬೆಳೆದರೆ ಪ್ರಯೋಜನವೇನು?
ಉತ್ತರ: ಮೇಲಿನ ಗದ್ದೆಯಿಂದ ಜಿನುಗುವ ನೀರು ನಿಮ್ಮ ಜಮೀನನ್ನು ಬಾಧಿಸುವುದು ನಿಜ. ನಡುವಿನ ಬದುವಿನ ಪಕ್ಕದಲ್ಲಿ ಆಳವಾದ ತಡೆ ಬಸಿಗಾಲುವೆ ತೆಗೆದು, ಆ ನೀರನ್ನು ಹೊರಗಾಲುವೆಗೆ ಸೇರಿಸಬೇಕು. ಒಂದೇ ತೂಬಿನ ಕೆಳಗಿನ ರೈತರು ಒಟ್ಟಾಗಿ ತೀರ್ಮಾನಿಸಿದಲ್ಲಿ ಪರಿಣಾಮ ಹೆಚ್ಚು.

ಪ್ರಶ್ನೆ: ಯೂರಿಯಾ ಕಡಿಮೆ ಮಾಡಿದರೆ ಇಳುವರಿ ಕುಸಿಯುವುದಿಲ್ಲವೇ?
ಉತ್ತರ: ಶಿಫಾರಸಿಗಿಂತ ಕಡಿಮೆ ಮಾಡಬೇಕೆಂದು ಇಲ್ಲಿ ಹೇಳಿಲ್ಲ. ಶಿಫಾರಸಿಗಿಂತ ಹೆಚ್ಚಿನದನ್ನು ಬಿಡಬೇಕೆಂಬುದು ಸಲಹೆ. ಅನುಮಾನವಿದ್ದಲ್ಲಿ ಮೊದಲ ಹಂಗಾಮಿನಲ್ಲಿ ಜಮೀನಿನ ಒಂದು ಮಡಿಯಲ್ಲಿ ಮಾತ್ರ ಮಾಡಿ, ಇಳುವರಿಯನ್ನು ಪ್ರತ್ಯೇಕವಾಗಿ ತೂಗಿ ನೋಡಬಹುದು.

ಪ್ರಶ್ನೆ: ಅನಿಲ ಹೊರಸೂಸುವಿಕೆ ತಗ್ಗಿಸಿದ್ದಕ್ಕೆ ರೈತರಿಗೆ ಹಣ ದೊರೆಯುತ್ತದೆಯೇ?
ಉತ್ತರ: ಖಚಿತವಾಗಿ ದೊರೆಯುವುದು ಉಳಿದ ಗೊಬ್ಬರ, ಉಳಿದ ನೀರು ಹಾಗೂ ಸುಧಾರಿಸಿದ ಭೂಮಿ. ಕಾರ್ಬನ್ ಕ್ರೆಡಿಟ್ ಹೆಸರಿನಲ್ಲಿ ಖಾಸಗಿಯವರು ಒಪ್ಪಂದಕ್ಕೆ ಬಂದಲ್ಲಿ ಅವಧಿ, ಹಣದ ಹಂಚಿಕೆ ಹಾಗೂ ಷರತ್ತುಗಳನ್ನು ಓದಿ ತಿಳಿಯದೆ ಸಹಿ ಮಾಡಬಾರದು. ಸವಳು ಜಮೀನನ್ನು ಒಣಗಿಸಲೇಬೇಕೆಂಬ ಷರತ್ತಿಗೆ ಒಪ್ಪಬಾರದು.

ಪ್ರಶ್ನೆ: ಭೂಮಿ ಸುಧಾರಿಸಲು ಎಷ್ಟು ಕಾಲ ಬೇಕು?
ಉತ್ತರ: ಮಣ್ಣಿನ ಗುಣ, ಬಸಿಗಾಲುವೆ ಹಾಗೂ ನೀರಿನ ಲಭ್ಯತೆಯನ್ನು ಅವಲಂಬಿಸಿದೆ. ಜಿನುಗು ಕಡಿಮೆಯಿರುವ ಎರೆ ಭೂಮಿಯಲ್ಲಿ ಒಂದೇ ಹಂಗಾಮಿನಲ್ಲಿ ಫಲಿತಾಂಶ ನಿರೀಕ್ಷಿಸಬಾರದು. ಪ್ರತಿ ವರ್ಷ ಒಂದೇ ತಿಂಗಳಿನಲ್ಲಿ, ಒಂದೇ ಸ್ಥಳದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ ಇ.ಸಿ. ಇಳಿಯುತ್ತಿದೆಯೇ ಎಂದು ನೋಡಬೇಕು.

10. ಹೆಚ್ಚಿನ ಮಾಹಿತಿಗಾಗಿ

ಸಮೀಪದ ರೈತ ಸಂಪರ್ಕ ಕೇಂದ್ರ, ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಛೇರಿ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಸವಳು ಮಣ್ಣಿನ ತಾಂತ್ರಿಕ ವಿಷಯಗಳಿಗೆ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿರುವ ಗಂಗಾವತಿ ಕೃಷಿ ಸಂಶೋಧನಾ ಕೇಂದ್ರವನ್ನು, ನೀರು ನಿರ್ವಹಣೆಯ ತರಬೇತಿಗೆ ಧಾರವಾಡದ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯನ್ನು (ವಾಲ್ಮಿ) ಸಂಪರ್ಕಿಸಬಹುದು. ಕಿಸಾನ್ ಕಾಲ್ ಸೆಂಟರ್‌ನ ಶುಲ್ಕರಹಿತ ದೂರವಾಣಿ: 1800-180-1551.

ಮುಂದಿನ ಹಂಗಾಮಿಗೆ ಗೊಬ್ಬರ ಖರೀದಿಸುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿಕೊಳ್ಳುವಂತೆ ಹಾಗೂ ಬಸಿಗಾಲುವೆಗಳನ್ನು ಶುಚಿಗೊಳಿಸಿಕೊಳ್ಳುವಂತೆ ಎಲ್ಲಾ ರೈತ ಬಾಂಧವರಲ್ಲಿ ಕೋರಲಾಗಿದೆ.